ಬಿಳಿ ರಕ್ತಕಣ ನಮ್ಮದೇ ಕೆಂಪು ರಕ್ತಕಣನ ತಿನ್ನತ್ತಂತೆ! ಯಾವ್ದನ್ನ ತಿನ್ಬೇಕು ಅಂತ ಅದಕ್ಕೆ ಹೇಗೆ ಗೊತ್ತಾಗತ್ತೆ?

ರಾಜಾಜಿನಗರದ ಮಗ
ಅಮ್ಮಂಗೆ 58 ವರ್ಷ. ಎರಡು ತಿಂಗಳಿಂದ ಸುಸ್ತು ಸುಸ್ತು ಅಂತಿದ್ರು. ನಮ್ದು ಮೂರನೇ ಮಹಡಿ, ಲಿಫ್ಟ್ ಇಲ್ಲ, ತರಕಾರಿ ಚೀಲ ಹಿಡ್ಕೊಂಡು ಹತ್ತೋವಾಗ ಮಧ್ಯೆ ಎರಡು ಕಡೆ ಕೂತು ಬರ್ತಿದ್ರು, ನಾವೂ ವಯಸ್ಸಾಯ್ತಲ್ಲ ಅಂತ ಸುಮ್ನಿದ್ವಿ. ಹೋದ ವಾರ ಅತ್ತೆ ಬಂದೋರು ಬಾಗಿಲಲ್ಲೇ "ಏನೇ ಕಣ್ಣು ಅರಿಶಿನ ಆಗಿದೆ" ಅಂದ್ರು. ಟೆಸ್ಟ್ ಮಾಡ್ಸಿದ್ರೆ ಹಿಮೋಗ್ಲೋಬಿನ್ 7.1, ಬಿಲಿರುಬಿನ್ 3.4, ಲಿವರ್ ಎನ್‌ಜೈಮ್ ಮಾತ್ರ ಎಲ್ಲಾ ನಾರ್ಮಲ್. ಇನ್ನೊಂದು ವಿಚಿತ್ರ, ಅಮ್ಮಂಗೆ ಹತ್ತು ವರ್ಷದಿಂದ ಶುಗರ್ ಇದೆ, ಈ ಸಲ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್ ತೋರ್ಸೋ ಟೆಸ್ಟ್) 4.9 ಬಂದಿದೆ. ಅಪ್ಪ ಅದನ್ನ ನೋಡಿ ಶುಗರ್ ಹೋಯ್ತು ಅಂತ ಹೋಳಿಗೆ ತಂದ್ಬಿಟ್ರು.

ಡಾಕ್ಟ್ರು ನಾಲ್ಕು ನಿಮಿಷ ಮಾತಾಡಿದ್ರು. "ನಿಮ್ಮ ತಾಯಿಯ ಬಿಳಿ ರಕ್ತಕಣಗಳೇ ಅವರ ಕೆಂಪು ರಕ್ತಕಣ ತಿಂತಿರೋ ಹಾಗಿದೆ, ಕೂಂಬ್ಸ್ ಟೆಸ್ಟ್ ಮಾಡ್ಸಿ" ಅಂತ ಬರ್ಕೊಟ್ರು. ರಿಪೋರ್ಟ್ ಸೋಮವಾರ. ನಂಗೆ ನಿದ್ದೆ ಬರ್ತಿಲ್ಲ. ಚಿಕಿತ್ಸೆ ಏನು ಅಂತ ಇಲ್ಲಿ ಕೇಳ್ತಿಲ್ಲ, ಅದು ಡಾಕ್ಟ್ರು ನೋಡ್ಕೊಂತಾರೆ. ಈ ತಿನ್ನೋದು ಅಂದ್ರೆ ಏನು, ಹೇಗೆ ತಿನ್ನತ್ತೆ, ಅಷ್ಟು ಕಣಗಳಲ್ಲಿ ಇದೇ ಬೇಕು ಅಂತ ಹೇಗೆ ಆರಿಸ್ಕೊಳತ್ತೆ, ಯಾರಾದ್ರೂ ಕನ್ನಡದಲ್ಲಿ ಬಿಡ್ಸಿ ಹೇಳಿ.

ಚಾಮರಾಜಪೇಟೆ ಚಟ್ನಿಪುಡಿ
ಕಾಮಾಲೆ ಗುರು ಇದು. ನೆಲನೆಲ್ಲಿ ಸೊಪ್ಪು ಅರೆದು ಹಾಲಲ್ಲಿ ಮೂರು ದಿನ ಬೆಳಿಗ್ಗೆ ಖಾಲಿ ಹೊಟ್ಟೆಗೆ. ಉಪ್ಪು, ಎಣ್ಣೆ ಬಿಡ್ಸಿ. ನಮ್ಮ ಮಾವಂಗೆ ಹಂಗೇ ಹೋಯ್ತು.

ಸ್ಕೆಪ್ಟಿಕ್ ಸೀನ
ಬಂತು ನೋಡಿ ಮೊದಲನೇ ರಿಪ್ಲೈಗೇ ಸೊಪ್ಪು.

ಇಂಟರ್ನ್ ನಿದ್ದೆಯಿಲ್ಲ
ಚಟ್ನಿಪುಡಿ ಅಣ್ಣ, ಕಣ್ಣು ಹಳದಿ ಆದ್ರೆಲ್ಲಾ ಲಿವರ್ ಕಾಯಿಲೆ ಅಲ್ಲ. ನಿಮ್ಮ ಮಾವಂಗೆ ಬಹುಶಃ ವೈರಲ್ ಹೆಪಟೈಟಿಸ್ ಬಂದಿತ್ತು, ಅದು ಸುಮಾರು ಜನಕ್ಕೆ ತಾನಾಗೇ ವಾಸಿ ಆಗತ್ತೆ, ಹೆಸರು ಸೊಪ್ಪಿಗೆ ಹೋಗತ್ತೆ. ಇಲ್ಲಿ ಲಿವರ್ ಸರಿಯಾಗಿದೆ, ಅದರ ಹತ್ರ ಬರ್ತಿರೋ ಲೋಡ್ ಜಾಸ್ತಿ ಆಗಿದೆ ಅಷ್ಟೇ. ಕೆಂಪು ಕಣ ಒಡೆದಾಗ ಬರೋ ಹಳದಿ ಬಣ್ಣನೇ ಬಿಲಿರುಬಿನ್. ದಿನಾ ನೂರು ಲಾರಿ ಇಳಿಸ್ಕೊಳೋ ಗೋಡೌನ್‌ಗೆ ಐನೂರು ಲಾರಿ ಬಂದ್ರೆ ಉಳಿದಿದ್ದು ರೋಡಲ್ಲಿ ನಿಲ್ಲತ್ತಲ್ಲ, ಹಂಗೆ. ಆ ರೋಡೇ ಕಣ್ಣಿನ ಬಿಳಿ ಭಾಗ.

ನೈಟ್ ಡ್ಯೂಟಿ, ಉಳಿದಿದ್ದು ಆಮೇಲೆ ಬರೀತೀನಿ.

ಬಯಾಲಜಿ ಮೇಷ್ಟ್ರು
ನಾನು ಪಿಯುಸಿಗೆ ಮೂವತ್ತು ವರ್ಷ ಪಾಠ ಮಾಡಿ ರಿಟೈರ್ ಆದವನು, ಸ್ವಲ್ಪ ಉದ್ದ ಆಗತ್ತೆ, ಸಹಿಸ್ಕೊಳಿ.

ಮೊದಲನೇದಾಗಿ ತಿನ್ನೋದು ಕಾಯಿಲೆ ಅಲ್ಲಪ್ಪ, ದಿನನಿತ್ಯದ ಕೆಲಸ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಅದಕ್ಕೆ ನ್ಯೂಕ್ಲಿಯಸ್ ಇಲ್ಲ, ಹೊಸ ಪ್ರೋಟೀನ್ ಮಾಡ್ಕೊಳಕ್ಕಾಗಲ್ಲ, ಅಂದ್ರೆ ರಿಪೇರಿ ಇಲ್ಲದ ಗಾಡಿ. ನೀವು ಈ ಸಾಲು ಓದೋಷ್ಟರಲ್ಲಿ ಪ್ರತಿ ಸೆಕೆಂಡಿಗೆ 20 ಲಕ್ಷಕ್ಕೂ ಹೆಚ್ಚು ಹಳೇ ಕಣಗಳು ಹೋಗಿ ಅಷ್ಟೇ ಹೊಸದು ಮೂಳೆಮಜ್ಜೆಯಿಂದ ಬರ್ತಿರತ್ತೆ. ಹಳೇದನ್ನ ತೆಗೆಯೋದು ಮ್ಯಾಕ್ರೋಫೇಜ್ ಅನ್ನೋ ದೊಡ್ಡ ಭಕ್ಷಕ ಕಣ. ಇದು ರಕ್ತದಲ್ಲಿ ಓಡಾಡ್ಕೊಂಡು ಬೇಟೆ ಆಡತ್ತೆ ಅಂತ ಎಲ್ಲರೂ ಅನ್ಕೊಂತಾರೆ, ಹಂಗಲ್ಲ, ಅದು ಹೆಚ್ಚಾಗಿ ಗುಲ್ಮದಲ್ಲಿ (ಸ್ಪ್ಲೀನ್, ಹೊಟ್ಟೆಯ ಎಡಗಡೆ ಮೇಲ್ಭಾಗದಲ್ಲಿರೋ ಅಂಗ), ಯಕೃತ್ತಿನಲ್ಲಿ (ಲಿವರ್), ಮಜ್ಜೆಯಲ್ಲಿ ಕೂತಿರತ್ತೆ. ರಕ್ತನೇ ಅದರ ಮುಂದೆ ಹಾದು ಹೋಗತ್ತೆ.

ಗುಲ್ಮದಲ್ಲಿ ಒಂದು ಪರೀಕ್ಷೆ ಇದೆ. ರಕ್ತ ಕೆಂಪು ತಿರುಳು ಅನ್ನೋ ಜಾಗಕ್ಕೆ ಸುರಿದು, ಅಲ್ಲಿಂದ ವಾಪಸ್ ರಕ್ತನಾಳಕ್ಕೆ ಹೋಗಬೇಕಾದ್ರೆ ಹೆಚ್ಚುಕಮ್ಮಿ 1 ಮೈಕ್ರಾನ್ ಅಗಲದ ಸೀಳಲ್ಲಿ ನುಸುಳಬೇಕು. ಕೆಂಪು ಕಣದ ಅಗಲ 7ರಿಂದ 8 ಮೈಕ್ರಾನ್! ಹೊಸ ಕಣ ಮೆತ್ತಗೆ ಇರತ್ತೆ, ಮಡಚ್ಕೊಂಡು ಹೋಗ್ಬಿಡತ್ತೆ. ಹಳೇದು ಗಟ್ಟಿ ಆಗಿರತ್ತೆ, ಸಿಕ್ಕಾಕೊಳತ್ತೆ, ಪಕ್ಕದಲ್ಲೇ ಮ್ಯಾಕ್ರೋಫೇಜ್ ಕಾಯ್ತಾ ಕೂತಿರತ್ತೆ.

ಕೋರಮಂಗಲ ಕೋಡರ್
ಚಿಕ್ಕಪೇಟೆ ಗಲ್ಲಿಲಿ ಸೈಕಲ್ ಹೋಗತ್ತೆ, ಟೆಂಪೋ ಸಿಕ್ಕಾಕೊಳತ್ತೆ, ಟೋಯಿಂಗ್‌ನವ್ನು ಅಲ್ಲೇ ನಿಂತಿರ್ತಾನೆ 😂

ಬಯಾಲಜಿ ಮೇಷ್ಟ್ರು
ಪಾಠ ಮಾಡೋವಾಗ ನೀನಿದ್ದಿದ್ರೆ ನಂಗೆ ಸುಲಭ ಆಗ್ತಿತ್ತು.

ಹೆಸರಘಟ್ಟ ಹುಡ್ಗಿ
ಆದ್ರೆ ಮೇಷ್ಟ್ರೇ, ಸಿಕ್ಕಾಕೊಂಡಿದ್ದೆಲ್ಲಾ ತಿಂದ್ಬಿಡತ್ತಾ? ಮುಟ್ಟಿ ನೋಡಿ ಗುರುತು ಹಿಡಿಯಲ್ವಾ? ಸುಮ್ನೆ ಟ್ರಾಫಿಕ್‌ನಲ್ಲಿ ನಿಂತಿರೋ ಒಳ್ಳೇ ಗಾಡಿನೂ ಎತ್ಕೊಂಡು ಹೋದ್ರೆ ಕತೆ ಏನು?

ಲ್ಯಾಬ್ ಅಕ್ಕ
ಮುಟ್ಟಿ ನೋಡತ್ತೆ, ಅದೇ ಅಸಲು ವಿಷಯ. ನಾನು ರಕ್ತನಿಧಿಲಿ ಹದಿನಾಲ್ಕು ವರ್ಷದಿಂದ ಕೆಲಸ ಮಾಡ್ತಿದೀನಿ, ಇದರಲ್ಲೇ ದಿನ ಕಳೆಯತ್ತೆ.

ಚೆನ್ನಾಗಿರೋ ಕೆಂಪು ಕಣದ ಮೈಮೇಲೆ ಸಿಡಿ47 ಅಂತ ಒಂದು ಪ್ರೋಟೀನ್ ಇರತ್ತೆ. ಮ್ಯಾಕ್ರೋಫೇಜ್ ಮುಟ್ಟಿದಾಗ ಅದು "ನಾನು ನಿಮ್ಮೋನೇ, ಬಿಡಿ" ಅನ್ನೋ ಪಾಸ್. 2000ದಲ್ಲಿ ಇಲಿಗಳ ಮೇಲೆ ಮಾಡಿ ತೋರ್ಸಿದ್ರು, ಸಿಡಿ47 ಇಲ್ಲದ ಕೆಂಪು ಕಣಗಳನ್ನ ಮಾಮೂಲಿ ಇಲಿಗೆ ಕೊಟ್ರೆ ಗುಲ್ಮ ಬೇಗ ಬೇಗ ತೆಗೆದುಹಾಕ್ಬಿಡ್ತು. ಪಾಸ್ ಇಲ್ಲ ಅಂದ್ರೆ ಇಳಿ ಬಸ್ಸಿಂದ.

ಇನ್ನು "ತಿನ್ನು" ಅನ್ನೋ ಗುರುತುಗಳು ಬೇರೆ. ಕಣ ಹಾಳಾದಾಗ ಒಳಮೈಲಿ ಇರಬೇಕಾದ ಫಾಸ್ಫಟೈಡಿಲ್ ಸೆರೀನ್ ಅನ್ನೋ ಕೊಬ್ಬು ಹೊರಗಡೆ ಬರತ್ತೆ, ಅಂಗಿ ತಿರುಗಾಮುರುಗಾ ಹಾಕ್ಕೊಂಡಂಗೆ. ಬ್ಯಾಂಡ್ 3 ಅನ್ನೋ ಪ್ರೋಟೀನ್ ಗುಂಪುಗೂಡತ್ತೆ, ಅದರ ಮೇಲೆ ಆಂಟಿಬಾಡಿ, ಅಂದ್ರೆ ತೆಗೆದುಹಾಕ್ಬೇಕಾದ್ದಕ್ಕೆ ದೇಹ ಅಂಟಿಸೋ ಗುರುತಿನ ಪ್ರೋಟೀನ್, ಬಂದು ಕೂರತ್ತೆ. ಮ್ಯಾಕ್ರೋಫೇಜ್‌ಗೆ ಆಂಟಿಬಾಡಿಯ ಬಾಲ ಹಿಡಿಯಕ್ಕೆ ಕೈಗಳಿವೆ, ಹಿಡೀತು ಅಂದ್ರೆ ಮುಗೀತು.

ಈಗ ಪೋಸ್ಟ್ ಹಾಕಿರೋ ತಮ್ಮನ ಅಮ್ಮನ ವಿಷಯ. ಡಾಕ್ಟ್ರ ಅನುಮಾನ ನಿಜ ಆದ್ರೆ, ಹೊಸ, ಗಟ್ಟಿಮುಟ್ಟಾದ ಕಣಗಳ ಮೇಲೇ ಅವರ ದೇಹ ಆಂಟಿಬಾಡಿ ಅಂಟಿಸ್ತಿದೆ. ಮ್ಯಾಕ್ರೋಫೇಜ್ ಪಾಪ, ಅದಕ್ಕೇನು ಗೊತ್ತು, ಬಾಲ ಕಾಣ್ತು ಹಿಡೀತು. ಬಿಳಿ ಕಣ ಹುಚ್ಚು ಹಿಡಿದು ತಿಂತಿದೆ ಅನ್ನೋದು ತಪ್ಪು, ಅದು ಡ್ಯೂಟಿ ಮಾಡ್ತಿದೆ, ಚೀಟಿ ಅಂಟಿಸೋನು ತಪ್ಪು ಮಾಡಿರೋದು.

ಸ್ಕೆಪ್ಟಿಕ್ ಸೀನ
ಆ ಚೀಟಿ ಅಂಟಿಸೋನೂ ಬಿಳಿ ರಕ್ತಕಣನೇ ಅಲ್ವಾ ಅಕ್ಕ? ಬಿ ಲಿಂಫೋಸೈಟ್‌ನಿಂದ ಹುಟ್ಟೋ ಪ್ಲಾಸ್ಮಾ ಕಣ ತಾನೇ ಆಂಟಿಬಾಡಿ ಮಾಡೋದು? ಹಂಗಾದ್ರೆ ಡಾಕ್ಟ್ರು ಹೇಳಿದ್ದು ಸರಿನೇ ಇದೆ, ಬಿಳಿ ಕಣಗಳದ್ದೇ ತಪ್ಪು.

ಲ್ಯಾಬ್ ಅಕ್ಕ
ಅಯ್ಯೋ ಹೌದು. ಒಂದೇ ಇಲಾಖೆ, ಬೇರೆ ಬೇರೆ ಟೇಬಲ್. ಒಪ್ಕೊಂಡೆ.

ಮಂಡ್ಯ ಟು ಮಾರತಹಳ್ಳಿ
ಸರ್ಕಾರಿ ಆಫೀಸ್ ಥರಾನೇ ಐತೆ ಬಿಡಿ, ಸೀಲ್ ಹಾಕೋನು ಒಬ್ಬ, ಬೈಸ್ಕೊಳೋನು ಇನ್ನೊಬ್ಬ.

ಬಯಾಲಜಿ ಮೇಷ್ಟ್ರು
ಇದಕ್ಕೊಂದು ಕತೆ ಇದೆ, ಹೇಳ್ದೆ ಇರಕ್ಕಾಗಲ್ಲ. ಭಕ್ಷಕ ಕಣಗಳನ್ನ ಮೊದಲು ಅರ್ಥ ಮಾಡ್ಕೊಂಡಿದ್ದು ಎಲೀ ಮೆಚ್ನಿಕಾಫ್, 1882ರಲ್ಲಿ, ಇಟಲಿಯ ಮೆಸ್ಸಿನಾದಲ್ಲಿ. ನಕ್ಷತ್ರಮೀನಿನ ಪಾರದರ್ಶಕ ಮರಿಗೆ ಮುಳ್ಳು ಚುಚ್ಚಿಟ್ಟು ಬೆಳಿಗ್ಗೆ ನೋಡಿದ್ರೆ ಮುಳ್ಳಿನ ಸುತ್ತ ಕಣಗಳು ಮುತ್ಕೊಂಡಿದ್ವು. ಆಂಟಿಬಾಡಿ ಪಕ್ಷದವರು ಪಾಲ್ ಎರ್ಲಿಕ್. ಇಬ್ಬರ ಕಡೆಯವರೂ ರಕ್ಷಣೆ ಮಾಡೋದು ಕಣನಾ, ರಕ್ತದ ನೀರಿನಲ್ಲಿರೋ ವಸ್ತುನಾ ಅಂತ ವರ್ಷಗಟ್ಟಲೆ ಜಗಳ. 1908ರಲ್ಲಿ ನೊಬೆಲ್ ಇಬ್ಬರಿಗೂ ಹಂಚಿದ್ರು. ಸೀನ ಮತ್ತೆ ಲ್ಯಾಬ್ ಅಕ್ಕ ಈಗ ಆಡಿದ್ದು ಅದೇ ಜಗಳ.

ಎರ್ಲಿಕ್ ಮೇಕೆಗಳಿಗೆ ಬೇರೆ ಮೇಕೆಗಳ ರಕ್ತ ಚುಚ್ಚಿ ನೋಡಿದ್ರು. ಬೇರೆ ಮೇಕೆಯ ಕೆಂಪು ಕಣ ಒಡೆಯೋ ಆಂಟಿಬಾಡಿ ಬಂತು, ತನ್ನ ಕಣದ ಮೇಲೆ ಬರಲಿಲ್ಲ. ದೇಹ ತನ್ನನ್ನೇ ಹೊಡ್ಕೊಳಕ್ಕೆ ಹೆದರತ್ತೆ ಅಂತ ಅದಕ್ಕೊಂದು ಹೆಸರೂ ಇಟ್ರು. ಕೆಲವೇ ವರ್ಷ, 1904ರಲ್ಲಿ ಡೊನಾತ್ ಮತ್ತು ಲ್ಯಾಂಡ್‌ಸ್ಟೈನರ್ ತನ್ನದೇ ಕೆಂಪು ಕಣ ಒಡೆಯೋ ರೋಗಿಯ ರಕ್ತನ ತೋರ್ಸಿಬಿಟ್ರು. ಆ ರೋಗಿಗಳಿಗೆ ಚಳಿ ತಾಗಿದ್ರೆ ಮೂತ್ರ ಕೆಂಪಾಗ್ತಿತ್ತು.

ಕೋರಮಂಗಲ ಕೋಡರ್
ಹಾ ಹಾ ಮೇಕೆ ಅಂದ್ರೆ ನೆನಪಾಯ್ತು. ಪಕ್ಕದ ಮನೆ ತಮಿಳು ಆಂಟಿ ಮೇಕೆ ಗುಲ್ಮನ ಸುವರೊಟ್ಟಿ ಅಂತಾರೆ, ರಕ್ತ ಕಮ್ಮಿ ಇರೋರಿಗೆ ಮೆಣಸು ಹಾಕಿ ಹುರಿದು ಕೊಡ್ತಾರೆ. ಅದ್ರಲ್ಲಿ ಏನಾದ್ರೂ ಇದೆಯಾ ಇಲ್ಲ ಸುಮ್ನೆನಾ?

ಲ್ಯಾಬ್ ಅಕ್ಕ
ಐರನ್ ಇದೆ ಸುಳ್ಳಲ್ಲ. ಯಾಕಂದ್ರೆ ಗುಲ್ಮದ ಮ್ಯಾಕ್ರೋಫೇಜ್ ಅಂದ್ರೆ ಗುಜರಿ ಅಂಗಡಿ ಇದ್ದಂಗೆ. "ಹಳೇ ಪೇಪರ್, ಹಳೇ ಕಬ್ಬಿಣಾ" ಅಂತ ಗಾಡಿ ಬರತ್ತಲ್ಲ, ಅದೇ. ಕೆಂಪು ಕಣನ ಸುತ್ತುವರಿದು ಒಳಗೆ ಎಳ್ಕೊಂಡು ಒಂದು ಚೀಲದಲ್ಲಿ ಹಾಕತ್ತೆ, ಆ ಚೀಲಕ್ಕೆ ಆಸಿಡ್ ಮತ್ತು ಕಿಣ್ವ ಸುರಿಯತ್ತೆ, ಹಿಮೋಗ್ಲೋಬಿನ್ ಬಿಚ್ಚತ್ತೆ. ಪ್ರೋಟೀನ್ ಭಾಗ ಅಮೈನೋ ಆಸಿಡ್ ಆಗಿ ಮತ್ತೆ ಉಪಯೋಗಕ್ಕೆ. ಹೀಮ್ ಭಾಗನ ಹೀಮ್ ಆಕ್ಸಿಜನೇಸ್ ಅನ್ನೋ ಕಿಣ್ವ ಕತ್ತರಿಸಿದ್ರೆ ಕಬ್ಬಿಣ ಹೊರಗೆ, ಉಳಿದಿದ್ದು ಮೊದಲು ಹಸಿರು ಬಿಲಿವರ್ಡಿನ್, ಆಮೇಲೆ ಹಳದಿ ಬಿಲಿರುಬಿನ್. ಮೊಣಕಾಲಿಗೆ ಏಟು ಬಿದ್ರೆ ಕಪ್ಪುನೀಲಿ ಆಗಿ, ಹಸಿರಾಗಿ, ಹಳದಿ ಆಗಿ ಹೋಗತ್ತಲ್ಲ, ಚರ್ಮದ ಕೆಳಗೆ ನಡೆಯೋದು ಇದೇ ಕೆಲಸ, ಕಣ್ಣಾರೆ ನೋಡಬಹುದು.

ಹೀಗೆ ದಿನಕ್ಕೆ 20ರಿಂದ 25 ಮಿಲಿಗ್ರಾಂ ಕಬ್ಬಿಣ ವಾಪಸ್ ಮಜ್ಜೆಗೆ ಹೋಗತ್ತೆ. ನಾವು ಊಟದಿಂದ ಹೀರ್ಕೊಳೋದು ಬರೀ 1ರಿಂದ 2 ಮಿಲಿಗ್ರಾಂ. ಅಂದ್ರೆ ನಮ್ಮ ರಕ್ತ ನಡೀತಿರೋದು ಗುಜರಿ ಕಬ್ಬಿಣದ ಮೇಲೆ.

ಚಾಮರಾಜಪೇಟೆ ಚಟ್ನಿಪುಡಿ
ಸೊಪ್ಪು ಬೇಡ ಸರಿ. ಬೀಟ್‌ರೂಟ್, ದಾಳಿಂಬೆ, ಐರನ್ ಟಾನಿಕ್ ಆದ್ರೂ ಕೊಡಬಹುದಲ್ಲ? ಎಚ್‌ಬಿ 7 ಅಂದ್ರೆ ತಮಾಷೆನಾ.

ಇಂಟರ್ನ್ ನಿದ್ದೆಯಿಲ್ಲ
ಅಕ್ಕ ಮೇಲೆ ಹೇಳಿದ್ದನ್ನೇ ಓದಿ ಅಣ್ಣ. ಗುಲ್ಮದಲ್ಲಿ ತಿಂದಾಗ ಕಬ್ಬಿಣ ದೇಹದಿಂದ ಆಚೆ ಹೋಗಲ್ಲ, ಅಲ್ಲೇ ಇರತ್ತೆ. ಇಂಥ ಕೇಸಲ್ಲಿ ಸಾಮಾನ್ಯವಾಗಿ ಕೊರತೆ ಬೀಳೋದು ಫೋಲಿಕ್ ಆಸಿಡ್, ಯಾಕಂದ್ರೆ ಮಜ್ಜೆ ಓವರ್‌ಟೈಮ್ ಮಾಡಿ ಹೊಸ ಕಣ ತಯಾರಿಸ್ತಿರತ್ತೆ. ರಕ್ತನಾಳದ ಒಳಗೇ ಕಣ ಒಡೆದು ಮೂತ್ರದಲ್ಲಿ ಹೋಗೋ ಕಾಯಿಲೆಗಳಲ್ಲಿ ಮಾತ್ರ ಐರನ್ ಕಳ್ಕೊಳೋದು ಇದೆ, ಅದು ಬೇರೆ ಕತೆ. ಟೆಸ್ಟ್ ಮಾಡ್ದೆ ಟಾನಿಕ್ ಕುಡಿಸಬೇಡಿ.

ರೆಟಿಕ್ಯುಲೋಸೈಟ್ ಕೌಂಟ್ ಅಂತ ಬರ್ದಿದಾರಾ ನೋಡಿ, ಅದು ಹೊಸ ಮರಿ ಕಣಗಳ ಲೆಕ್ಕ, ಜಾಸ್ತಿ ಇದ್ರೆ ಮಜ್ಜೆ ಕೆಲಸ ಮಾಡ್ತಿದೆ ಅಂತ.

ರಾಜಾಜಿನಗರದ ಮಗ
ಇದೆ, ರೆಟಿಕ್ 9 ಪರ್ಸೆಂಟ್. ಎಲ್‌ಡಿಎಚ್ ಅನ್ನೋ ಕಿಣ್ವ (ಕಣ ಒಡೆದಾಗ ಏರೋದು) ಜಾಸ್ತಿ. ರಕ್ತನ ಗಾಜಿನ ಮೇಲೆ ಹಚ್ಚಿ ನೋಡೋ ಸ್ಮಿಯರ್‌ನಲ್ಲಿ "ಸ್ಫೀರೋಸೈಟ್ಸ್ ಸೀನ್" ಅಂತ ಬರ್ದಿದಾರೆ. ಅದೇನದು?

ಲ್ಯಾಬ್ ಅಕ್ಕ
ಓ, ಇದು ನನ್ನ ಫೇವರಿಟ್. ಕೆಂಪು ಕಣ ಉದ್ದಿನವಡೆ ಥರ, ಆದ್ರೆ ಮಧ್ಯೆ ತೂತಿಲ್ಲ, ತಗ್ಗು ಅಷ್ಟೇ. ಆಂಟಿಬಾಡಿ ಅಂಟಿರೋ ಕಣನ ಮ್ಯಾಕ್ರೋಫೇಜ್ ಎಲ್ಲಾ ಸಲ ಇಡೀ ನುಂಗಲ್ಲ, ಎಷ್ಟೋ ಸಲ ಮೇಲಿನ ಪೊರೆ ಸ್ವಲ್ಪ ಕಚ್ಕೊಂಡು ಬಿಟ್ಬಿಡತ್ತೆ. ಪೊರೆ ಕಮ್ಮಿ ಆಯ್ತು, ಒಳಗಿನ ಸಾಮಾನು ಅಷ್ಟೇ ಇದೆ, ಆಗ ವಡೆ ಹೋಗಿ ಬೋಂಡಾ ಆಗತ್ತೆ. ಬೋಂಡಾನ ಮಡಚಕ್ಕಾಗತ್ತಾ? ಮುಂದಿನ ಸಲ ಮೇಷ್ಟ್ರು ಹೇಳಿದ ಸೀಳಿಗೆ ಬಂದಾಗ ಸಿಕ್ಕಾಕೊಳತ್ತೆ, ಈ ಸಲ ಪೂರ್ತಿ ಊಟ. ಮೈಕ್ರೋಸ್ಕೋಪಲ್ಲಿ ಮಧ್ಯದ ಬಿಳಿಚು ಜಾಗ ಇಲ್ಲದೆ ಚಿಕ್ಕದಾಗಿ ಗಾಢವಾಗಿ ಕಾಣೋವು ಇವೇ.

ಆದ್ರೆ ಸ್ಫೀರೋಸೈಟ್ ಹುಟ್ಟಿನಿಂದಲೇ ಇರೋ ಕಾಯಿಲೆನೂ ಇದೆ, ಮನೆತನದಲ್ಲಿ ಬರತ್ತೆ. ಎರಡನ್ನೂ ಬೇರೆ ಮಾಡಕ್ಕೇ ಕೂಂಬ್ಸ್ ಟೆಸ್ಟ್. ಕೆಂಪು ಕಣನ ತೊಳೆದು, ಮನುಷ್ಯರ ಆಂಟಿಬಾಡಿಗೇ ಅಂಟೋ ಇನ್ನೊಂದು ಆಂಟಿಬಾಡಿ ಹಾಕ್ತೀವಿ. ಕಣಗಳು ಒಂದಕ್ಕೊಂದು ಅಂಟಿ ಗಂಟು ಕಟ್ಟಿದ್ರೆ ಅವುಗಳ ಮೈಮೇಲೆ ಮೊದಲೇ ಚೀಟಿ ಇತ್ತು ಅಂತ ಅರ್ಥ. 1945ರಲ್ಲಿ ಕೂಂಬ್ಸ್, ಮೋರಾಂಟ್, ರೇಸ್ ಮೂರು ಜನ ಹೊರಗೆ ತಂದಿದ್ದು, ಇವತ್ತಿಗೂ ನಮ್ಮ ಟೇಬಲ್ ಮೇಲೆ ಅದೇ.

ಹೆಸರಘಟ್ಟ ಹುಡ್ಗಿ
ಉದ್ದಿನವಡೆ ತಿನ್ನೋವಾಗ ಇನ್ಮೇಲೆ ಇದೇ ನೆನಪಾಗತ್ತೆ, ಥ್ಯಾಂಕ್ಸ್ ಅಕ್ಕ 🙄

ಮಂಡ್ಯ ಟು ಮಾರತಹಳ್ಳಿ
ಕಚ್ಚೋದು ಅಂದ್ರಲ್ಲ, ನನ್ ಕತೆ ಕೇಳಿ. ಮಂಗಳೂರಲ್ಲಿ ಸೈಟ್ ಇಂಜಿನಿಯರ್ ಆಗಿದ್ದಾಗ ಮಲೇರಿಯಾ ಬಂತು, ಆಗ ಅಲ್ಲಿ ಅದು ಮಾಮೂಲಿ. ಪ್ರೈಮಾಕ್ವಿನ್ ಮಾತ್ರೆ ಕೊಟ್ರು 14 ದಿನಕ್ಕೆ. ಮೂರನೇ ದಿನಕ್ಕೆ ಮೂತ್ರ ಕೋಲಾ ಬಣ್ಣ, ಮೆಟ್ಲು ಹತ್ತಕ್ಕಾಗಲ್ಲ. ಆಮೇಲೆ ಟೆಸ್ಟ್ ಮಾಡಿ ನಂಗೆ ಕೆಂಪು ಕಣನ ಕಾಪಾಡೋ ಜಿ6ಪಿಡಿ ಕಿಣ್ವ ಕಮ್ಮಿ ಅಂದ್ರು. ಮೊದಲೇ ಟೆಸ್ಟ್ ಮಾಡ್ಸಿದ್ರೆ ಗೊತ್ತಾಗ್ತಿತ್ತು, ಯಾರೂ ಮಾಡ್ಸಿಲ್ಲ. ಈಗ ಪರ್ಸಲ್ಲಿ ಕಾರ್ಡ್ ಇಟ್ಕೊಂಡು ಓಡಾಡ್ತೀನಿ.

ಲ್ಯಾಬ್ ಅಕ್ಕ
ನಿಮ್ಮದು ಆಂಟಿಬಾಡಿ ಇಲ್ಲದ ಕತೆ. ಅಲ್ಲಿ ಕಣದ ಒಳಗಿನ ಹಿಮೋಗ್ಲೋಬಿನ್ನೇ ಹಾಳಾಗಿ ಉಂಡೆ ಕಟ್ಟತ್ತೆ, ಹೈನ್ಸ್ ಬಾಡಿ ಅಂತೀವಿ. ಸೀಳಲ್ಲಿ ನುಸುಳೋವಾಗ ಆ ಉಂಡೆ ಸಿಕ್ಕಾಕೊಳತ್ತೆ, ಮ್ಯಾಕ್ರೋಫೇಜ್ ಅದನ್ನ ಕಿತ್ಕೊಳತ್ತೆ, ಕಣ ಕಚ್ಚಿದ ಬಿಸ್ಕತ್ ಥರ ಆಚೆ ಬರತ್ತೆ. ನಿಮಗೆ ಮೂತ್ರ ಕೋಲಾ ಆಗಿದ್ದು ಬಹಳಷ್ಟು ಕಣ ನಾಳದೊಳಗೇ ಒಡೆದಿದ್ದಕ್ಕೆ.

ಮನೇಲಿ ಹಸುಗೂಸು ಇರೋರಿಗೆ ಒಂದು ಮಾತು. ಟ್ರಂಕಲ್ಲಿ ನುಸಿಗುಳಿಗೆ ಹಾಕಿಟ್ಟ ಅಜ್ಜಿ ಸೀರೆಲಿ ಮಗು ಸುತ್ತಬೇಡಿ. ನ್ಯಾಫ್ತಲೀನ್ ಜಿ6ಪಿಡಿ ಕಮ್ಮಿ ಇರೋ ಮಗುಗೆ ಇದೇ ಗತಿ ತರತ್ತೆ, ಹಳದಿ ಜೋರಾಗಿ ಏರತ್ತೆ.

ಹೆಸರಘಟ್ಟ ಹುಡ್ಗಿ
ಅಯ್ಯಯ್ಯೋ ನಮ್ಮನೇಲಿ ಬಾಣಂತನಕ್ಕೆ ಅಂತಲೇ ಮೆತ್ತನೆ ಹಳೇ ಸೀರೆ ಎತ್ತಿಟ್ಟಿರ್ತಾರೆ, ಅದೂ ನುಸಿಗುಳಿಗೆ ಜೊತೆ. ಈಗ್ಲೇ ಅಕ್ಕಂಗೆ ಫೋನ್ ಮಾಡ್ತೀನಿ, ಅವಳಿಗೆ ಏಳು ತಿಂಗಳು. ಅವಳು ಎ ನೆಗೆಟಿವ್ ಬೇರೆ, ಹೋದ ವಾರ ಆಂಟಿ ಡಿ ಇಂಜೆಕ್ಷನ್ ಕೊಟ್ರು. ಅದೂ ಇದಕ್ಕೇ ಸಂಬಂಧನಾ?

ಇಂಟರ್ನ್ ನಿದ್ದೆಯಿಲ್ಲ
ಅದೇ ಕುಟುಂಬ. ಅಮ್ಮ ನೆಗೆಟಿವ್, ಮಗುವಿನ ರಕ್ತದ ಗುಂಪು ಪಾಸಿಟಿವ್ ಆಗಿದ್ದು ಅದರ ಕಣ ಅಮ್ಮನ ರಕ್ತಕ್ಕೆ ಸೇರಿದ್ರೆ ಅಮ್ಮನ ದೇಹ ಆಂಟಿಬಾಡಿ ಕಲಿಯತ್ತೆ, ಮುಂದಿನ ಮಗುವಿನ ಕೆಂಪು ಕಣಗಳಿಗೆ ಅದು ಹೋಗಿ ಅಂಟತ್ತೆ, ಮಗುವಿನ ಗುಲ್ಮ ಅವನ್ನ ತಿನ್ನಕ್ಕೆ ಶುರು ಮಾಡತ್ತೆ. ಇಂಜೆಕ್ಷನ್‌ನಲ್ಲಿ ಇರೋದೂ ಅದೇ ಆಂಟಿಬಾಡಿನೇ! ಸೇರಿರೋ ಒಂದಷ್ಟು ಮಗುವಿನ ಕಣಗಳಿಗೆ ಹೊರಗಿಂದ ಚೀಟಿ ಅಂಟಿಸಿ, ಅಮ್ಮನ ದೇಹ ಪಾಠ ಕಲಿಯೋ ಮುಂಚೆನೇ ಮ್ಯಾಕ್ರೋಫೇಜ್ ಕೈಲಿ ತಿನ್ನಿಸ್ಬಿಡೋದು. 1968ರಿಂದ ಬಳಕೆಯಲ್ಲಿದೆ.

ಸ್ಕೆಪ್ಟಿಕ್ ಸೀನ
ಇದು ಸಖತ್. ಮುಳ್ಳಿಂದ ಮುಳ್ಳು ತೆಗೆಯೋದು ಅಂದ್ರೆ ಇದೇ.

ಬಯಾಲಜಿ ಮೇಷ್ಟ್ರು
ಮಲೇರಿಯಾ ಮಾತು ಬಂತಲ್ಲ, ಮಲೇರಿಯಾ ಸೊಳ್ಳೆಯಿಂದ ಹರಡತ್ತೆ ಅಂತ ತೋರ್ಸಿದ ರೊನಾಲ್ಡ್ ರಾಸ್ 1883ರಲ್ಲಿ ನಮ್ಮ ಬೆಂಗಳೂರಲ್ಲೇ ಗ್ಯಾರಿಸನ್ ಸರ್ಜನ್ ಆಗಿದ್ರು. ನಿಂತ ನೀರು ಚೆಲ್ಲಿದ್ರೆ ಸೊಳ್ಳೆ ಕಮ್ಮಿ ಆಗತ್ತೆ ಅಂತ ಅವರು ಕಂಡ್ಕೊಂಡಿದ್ದು ಇಲ್ಲೇ. ಸೊಳ್ಳೆ ಹೊಟ್ಟೇಲಿ ಪರಾವಲಂಬಿ ಸಿಕ್ಕಿದ್ದು 1897ರಲ್ಲಿ ಸಿಕಂದರಾಬಾದ್‌ನಲ್ಲಿ.

ಕೋರಮಂಗಲ ಕೋಡರ್
ಅಂದ್ರೆ ಬೆಂಗಳೂರಲ್ಲಿ ಐಡಿಯಾ, ಹೈದರಾಬಾದಲ್ಲಿ ರಿಲೀಸ್. ಇವತ್ತಿಗೂ ಅದೇ ನಡೀತಿದೆ.

ಬಯಾಲಜಿ ಮೇಷ್ಟ್ರು
ಜಗಳ ಬೇಡಪ್ಪ. ವಿಷಯಕ್ಕೆ ಬಂದ್ರೆ, ಮಲೇರಿಯಾ ಪರಾವಲಂಬಿ ಹೊಕ್ಕ ಕಣ ಗಟ್ಟಿ ಆಗತ್ತೆ, ಗುಲ್ಮ ಹಿಡಿಯತ್ತೆ, ಅದಕ್ಕೇ ಮಲೇರಿಯಾದಲ್ಲಿ ಗುಲ್ಮ ಊದತ್ತೆ. ಫಾಲ್ಸಿಪಾರಂ ಜಾತಿ ಮಹಾ ಚಾಲಾಕಿ, ತಾನಿರೋ ಕಣನ ಸಣ್ಣ ರಕ್ತನಾಳದ ಗೋಡೆಗೆ ಅಂಟಿಸ್ಕೊಂಡು ಗುಲ್ಮದ ಕಡೆ ಹೋಗೋದನ್ನೇ ತಪ್ಪಿಸ್ಕೊಳತ್ತೆ. ಚೆಕ್‌ಪೋಸ್ಟ್ ಇದೆ ಅಂತ ಗೊತ್ತಾಗಿ ಲಾರಿ ಪಕ್ಕದ ರೋಡಲ್ಲಿ ನಿಲ್ಲಿಸ್ಕೊಂಡಂಗೆ. ಮೆದುಳಿನ ನಾಳಗಳಲ್ಲಿ ಹಂಗೆ ಅಂಟಿದ್ರೆ ಪ್ರಾಣಕ್ಕೇ ಕುತ್ತು.

ಚಾಮರಾಜಪೇಟೆ ಚಟ್ನಿಪುಡಿ
ಹಂಗಾದ್ರೆ ಈ ಕೇಸಲ್ಲಿ ಆ ಗುಲ್ಮನೇ ತೆಗೆದು ಹಾಕಿದ್ರೆ ಆಯ್ತಲ್ಲ? ಗುಜರಿ ಅಂಗಡಿ ಬಾಗಿಲು ಮುಚ್ಚಿದ್ರೆ ಕದ್ದ ಮಾಲು ಎಲ್ಲಿ ಮಾರ್ತಾನೆ.

ಇಂಟರ್ನ್ ನಿದ್ದೆಯಿಲ್ಲ
ಅಣ್ಣ ಈ ಸಲ ಒಳ್ಳೇ ಪ್ರಶ್ನೆ! ಮಾಡ್ತಾರೆ, ಆದ್ರೆ ಸಾಮಾನ್ಯವಾಗಿ ಮೊದಲನೇ ಹೆಜ್ಜೆ ಅಲ್ಲ. ಮೊದಲು ಸ್ಟೀರಾಯ್ಡ್, ಅದು ಮ್ಯಾಕ್ರೋಫೇಜ್ ಕೈ ಸಡಿಲ ಮಾಡತ್ತೆ, ನಿಧಾನಕ್ಕೆ ಆಂಟಿಬಾಡಿನೂ ಕಮ್ಮಿ ಮಾಡತ್ತೆ. ಸಾಲದಿದ್ರೆ ರಿಟುಕ್ಸಿಮ್ಯಾಬ್, ಅದು ಚೀಟಿ ಅಂಟಿಸೋ ಟೇಬಲ್‌ನವರನ್ನೇ ಮನೆಗೆ ಕಳ್ಸೋದು. ಗುಲ್ಮ ತೆಗೆದ್ರೆ ನ್ಯುಮೋಕಾಕಸ್‌ನಂಥ ಬ್ಯಾಕ್ಟೀರಿಯಾ ಸೋಸೋರು ಇರಲ್ಲ, ಅದಕ್ಕೇ ಮೊದಲೇ ಲಸಿಕೆ ಹಾಕ್ತಾರೆ, ಆಮೇಲೆ ಜ್ವರ ಬಂದ್ರೆ ನಾಳೆ ನೋಡೋಣ ಅನ್ನೋ ಹಾಗಿಲ್ಲ. ಮತ್ತೆ ಆಂಟಿಬಾಡಿ ಐಜಿಜಿ ಅನ್ನೋ ಜಾತಿ ಆದ್ರೆ ಮಾತ್ರ ಗುಲ್ಮದ ಪಾತ್ರ ದೊಡ್ಡದು. ಚಳಿಗೆ ಕೆಲಸ ಮಾಡೋ ಐಜಿಎಮ್ ಜಾತಿ ಆದ್ರೆ ಕಾಂಪ್ಲಿಮೆಂಟ್ ಅನ್ನೋ ರಕ್ತದ ಪ್ರೋಟೀನ್‌ಗಳು ಅಂಟ್ಕೊಂಡು ಲಿವರ್‌ನಲ್ಲಿ ಹೆಚ್ಚು ತಿನ್ನತ್ತೆ, ಅಲ್ಲಿ ಗುಲ್ಮ ತೆಗೆದು ಪ್ರಯೋಜನ ಇಲ್ಲ.

ಸ್ಕೆಪ್ಟಿಕ್ ಸೀನ
ಎಲ್ಲಾ ಸರಿ, ಎಚ್‌ಬಿಎ1ಸಿ 4.9 ಯಾಕೆ ಅಂತ ಯಾರೂ ಹೇಳ್ಲೇ ಇಲ್ಲ. ಹೋಳಿಗೆ ತಿಂದ ಅಪ್ಪಂದು ತಪ್ಪಾ ಸರಿನಾ?

ಲ್ಯಾಬ್ ಅಕ್ಕ
ಅಯ್ಯೋ ಮರ್ತೇಬಿಟ್ವಿ, ಅದೇ ಮುಖ್ಯ. ಎಚ್‌ಬಿಎ1ಸಿ ಅಂದ್ರೆ ಹಿಮೋಗ್ಲೋಬಿನ್‌ಗೆ ಎಷ್ಟು ಸಕ್ಕರೆ ಅಂಟಿದೆ ಅನ್ನೋ ಲೆಕ್ಕ. ಕಣ 120 ದಿನ ಬದುಕತ್ತೆ ಅನ್ನೋ ನಂಬಿಕೆ ಮೇಲೇ ಮೂರು ತಿಂಗಳ ಸರಾಸರಿ ಅನ್ನೋದು. ಕಣ ಕೆಲವೇ ವಾರದಲ್ಲಿ ಸತ್ರೆ ಸಕ್ಕರೆ ಅಂಟಕ್ಕೆ ಟೈಮೇ ಸಿಗಲ್ಲ, ರಿಪೋರ್ಟ್ ಸುಳ್ಳು ಸುಳ್ಳೇ ಚೆನ್ನಾಗಿ ಬರತ್ತೆ. ಗ್ಲುಕೋಮೀಟರಲ್ಲಿ ನೋಡಿ ತಮ್ಮಾ, ಇವತ್ತೇ. ಫ್ರಕ್ಟೋಸಮೀನ್ ಟೆಸ್ಟ್ ಬಗ್ಗೆನೂ ಡಾಕ್ಟ್ರನ್ನ ಕೇಳಿ, ಅದು ಕೆಂಪು ಕಣದ ಮೇಲೆ ಅವಲಂಬಿಸಲ್ಲ.

ರಾಜಾಜಿನಗರದ ಮಗ
ಈಗ ನೋಡ್ದೆ. ಊಟ ಆಗಿ ಎರಡು ಗಂಟೆಗೆ 236. ಅಪ್ಪ ಮುಖ ಸಣ್ಣಗೆ ಮಾಡ್ಕೊಂಡು ಬಾಲ್ಕನಿಗೆ ಹೋದ್ರು.

ಮಂಡ್ಯ ಟು ಮಾರತಹಳ್ಳಿ
ಅಪ್ಪಾಜಿಗೆ ಬಯ್ಬೇಡ ಗುರು, ರಿಪೋರ್ಟ್‌ನಲ್ಲಿ ಹಸಿರು ಬಣ್ಣದಲ್ಲಿ ನಾರ್ಮಲ್ ಅಂತ ಇದ್ರೆ ಯಾರಿಗೆ ಖುಷಿ ಆಗಲ್ಲ.

ರಾಜಾಜಿನಗರದ ಮಗ
ಸೋಮವಾರದ ಅಪ್‌ಡೇಟ್. ಕೂಂಬ್ಸ್ ಪಾಸಿಟಿವ್, ಐಜಿಜಿ ಜಾತಿ. ಸ್ಕ್ಯಾನಲ್ಲಿ ಗುಲ್ಮ ಸ್ವಲ್ಪ ಊದಿದೆ. ಸ್ಟೀರಾಯ್ಡ್ ಮತ್ತೆ ಫೋಲಿಕ್ ಆಸಿಡ್ ಶುರು ಮಾಡಿದ್ರು, ಸ್ಟೀರಾಯ್ಡ್‌ಗೆ ಶುಗರ್ ಇನ್ನೂ ಏರತ್ತೆ ಅಂತ ಇನ್ಸುಲಿನ್ ಕೂಡ. ರಕ್ತ ಹಾಕ್ಬೇಕಾದ್ರೆ ಹೊಂದೋ ಬಾಟ್ಲಿ ಹುಡುಕೋದು ಕಷ್ಟ ಅಂದ್ರು, ಅದು ಯಾಕೆ ಅಕ್ಕ?

ಲ್ಯಾಬ್ ಅಕ್ಕ
ಅವರ ಆಂಟಿಬಾಡಿ ಹೆಚ್ಚುಕಮ್ಮಿ ಎಲ್ಲಾ ದಾನಿಗಳ ಕಣಕ್ಕೂ ಅಂಟತ್ತೆ, ಕ್ರಾಸ್‌ಮ್ಯಾಚ್‌ನಲ್ಲಿ, ಅಂದ್ರೆ ದಾನಿ ರಕ್ತ ಹೊಂದತ್ತಾ ಅಂತ ನೋಡೋ ಟೆಸ್ಟಲ್ಲಿ, ಯಾವ ಬಾಟ್ಲಿನೂ ಪಾಸ್ ಆಗಲ್ಲ. ಅದರ ಹಿಂದೆ ಬೇರೆ ಅಪಾಯದ ಆಂಟಿಬಾಡಿ ಅಡಗಿದೆಯಾ ಅಂತ ನಾವು ಗಂಟೆಗಟ್ಟಲೆ ಕೂತು ನೋಡ್ಬೇಕು. ತೀರಾ ಬೇಕಾದಾಗ ಇರೋದ್ರಲ್ಲಿ ಕಮ್ಮಿ ಅಂಟೋದನ್ನ ಕೊಡ್ತೀವಿ. ಹಿಂದೆ ಯಾವಾಗಾದ್ರೂ ರಕ್ತ ಹಾಕ್ಸಿದ್ರಾ, ಎಷ್ಟು ಹೆರಿಗೆ ಆಗಿದೆ, ಇದೆರಡು ರಕ್ತನಿಧಿಯವರಿಗೆ ಮೊದಲೇ ಹೇಳ್ಬಿಡಿ, ತುಂಬಾ ಟೈಮ್ ಉಳಿಯತ್ತೆ.

ರಾಜಾಜಿನಗರದ ಮಗ
ಹತ್ತು ದಿನ ಆಯ್ತು. ಎಚ್‌ಬಿ 8.6. ಕಣ್ಣು ಸುಮಾರು ಬಿಳಿ ಆಗಿದೆ. ಅಮ್ಮ ಇವತ್ತು ಮಧ್ಯೆ ಒಂದೇ ಕಡೆ ಕೂತು ಮೂರನೇ ಮಹಡಿ ಹತ್ತಿದ್ರು. ವಡೆ ಬೋಂಡಾ ಕತೆ ಹೇಳ್ದೆ, "ಅದನ್ನ ಕೇಳೇ ಬಾಯಲ್ಲಿ ನೀರು ಬಂತು, ಒಂದು ತಂದ್ಕೊಡೋ" ಅಂದ್ರು.

ಇಂಟರ್ನ್ ನಿದ್ದೆಯಿಲ್ಲ
ಒಂದು ವಡೆ ಓಕೆ. ಮಾತ್ರೆ ಮಾತ್ರ ಹುಷಾರಾದ್ರು ಅಂತ ನೀವೇ ನಿಲ್ಲಿಸ್ಬೇಡಿ, ನಿಧಾನಕ್ಕೆ ಇಳಿಸ್ತಾರೆ.

ಚಾಮರಾಜಪೇಟೆ ಚಟ್ನಿಪುಡಿ
ವಡೆ ಜೊತೆ ಚಟ್ನಿ ನಾನ್ ಕಳ್ಸ್ತೀನಿ. ಸೊಪ್ಪು ಹಾಕಲ್ಲ, ಪ್ರಾಮಿಸ್.